ಮೊಳಕೈಯಿಂದ ಆರು ಇಂಚು ಕೆಳಗೆ

ನಾನು ಶಾಲೆ ಬಿಟ್ಟದ್ದು 1988ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ. ಬಡತನ ಬಿಡಿಸಿತು ಎಂದರೆ ಕೇಳುವವರಿಗೆ ಹಿತವಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಲ್ಲ. ನನಗೆ ಅಲ್ಲಿ ಕೂರುವುದೇ ಆಗುತ್ತಿರಲಿಲ್ಲ. ಮಾಸ್ತರರು ಹಲಗೆಯ ಮೇಲೆ ಬರೆಯುತ್ತಿದ್ದರೆ ನನ್ನ ಕಣ್ಣು ಹಲಗೆಯ ಸ್ಟ್ಯಾಂಡಿನ ಮೇಲಿರುತ್ತಿತ್ತು. ಅದರ ಒಂದು ಕಾಲು ಗಿಡ್ಡವಾಗಿ, ಕೆಳಗೆ ಕಲ್ಲು ಕೊಟ್ಟಿದ್ದರು. ಆ ಕಾಲಿಗೆ ಒಂದು ತುಂಡು ಜೋಡಿಸಿದರೆ ಮುಗಿಯಿತಲ್ಲ ಎಂಬುದೊಂದೇ ಯೋಚನೆ. ಆ ವರ್ಷ ದೀಪಾವಳಿಗೆ ವಿಜಾಪುರದ ಕಡೆಯ ನಮ್ಮೂರಿಗೆ ಬಂದಿದ್ದ ಸೋದರಮಾವ ತಿರುಗಿ ಹೋಗುವಾಗ ನಾನೂ ಅವನ ಜೊತೆ ಬಸ್ಸು ಹತ್ತಿದೆ. ಇಳಿದದ್ದು ಪುಣೆಯಲ್ಲಿ. ಮರುದಿನ ನಿಂತದ್ದು ಭೋಸರಿಯ ಒಂದು ತಗಡಿನ ಶೆಡ್ಡಿನಲ್ಲಿ.

ಅಲ್ಲಿ ಹೋಟೆಲುಗಳಿಗೆ ಬೇಕಾದ ಸ್ಟೀಲಿನ ಸಾಮಾನು ಮಾಡುತ್ತಿದ್ದರು: ದೊಡ್ಡ ಒಲೆ, ತೊಳೆಯುವ ತೊಟ್ಟಿ, ತರಕಾರಿ ಹೆಚ್ಚುವ ಟೇಬಲ್, ಹೊಗೆ ಎಳೆಯುವ ಗೂಡು. ಮಾವ ನನ್ನ ಕೈಗೆ ಮೊದಲು ಕೊಟ್ಟದ್ದು ಅಳತೆಯ ಟೇಪು.

"ಪುಸ್ತಕ ಬಿಟ್ಟಿ, ಬಿಡು. ಇದನ್ನ ಬಿಡಬ್ಯಾಡ," ಎಂದ. "ಟೇಬಲ್ ಮಾಡೂ ಮುಂಚೆ ಅದರ ಮುಂದ ಯಾಂವ ನಿಲ್ತಾನ ಅಂತ ನೋಡು. ಆಂವನ ಮೊಳಕೈಯಿಂದ ಆರು ಇಂಚು ಕೆಳಗ ಟೇಬಲ್ ಇರಬೇಕು. ಹೆಚ್ಚಾದ್ರ ಹೆಗಲು ಹೋಗ್ತದ, ಕಡಿಮಿ ಆದ್ರ ಸೊಂಟ ಹೋಗ್ತದ."

ನಾನು ಕಲಿತ ವಿದ್ಯೆ ಎಂದರೆ ಇದು. ಇದನ್ನೇ ಹಿಡಿದು ಮೂವತ್ತು ವರ್ಷ ದುಡಿದಿದ್ದೇನೆ. ಈಗ ಭೋಸರಿಯಲ್ಲಿ ನನ್ನದೇ ಶೆಡ್ಡಿದೆ, ಎಂಟು ಜನ ಕೆಲಸಗಾರರಿದ್ದಾರೆ. ನೀವು ಪುಣೆ ಕ್ಯಾಂಪಿನಲ್ಲೋ ಚಿಂಚವಾಡದಲ್ಲೋ ಎಂದಾದರೂ ಇಡ್ಲಿ ತಿಂದಿದ್ದರೆ, ಗೋಡೆಯ ಆಚೆ ಆ ಇಡ್ಲಿ ಇಳಿಸಿದ ಟೇಬಲ್ ನನ್ನ ಕೈಯದಾಗಿರುವ ಸಂಭವ ಸಾಕಷ್ಟಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೋಟೆಲಿನ ಅಡುಗೆ ಭಟ್ಟರು ಬಹುತೇಕ ಒಂದೇ ಎತ್ತರದವರು. ನೆಲದಿಂದ ಮೊಳಕೈ ನಲವತ್ತೊಂದು ಇಂಚು, ಆರು ಕಳೆದರೆ ಮೂವತ್ತೈದು. ಕೆಲವು ವರ್ಷಗಳ ನಂತರ ನಾನು ಭಟ್ಟರನ್ನು ನಿಲ್ಲಿಸಿ ಅಳೆಯುವುದನ್ನೂ ಬಿಟ್ಟೆ. ಟೇಬಲ್ ಎಂದರೆ ಮೂವತ್ತೈದು. ಕೈಯೇ ಹೇಳುತ್ತಿತ್ತು.

ಇಷ್ಟೆಲ್ಲ ಮಾಡಿದವನ ಮನೆಯ ಅಡುಗೆಮನೆ ಹೇಗಿತ್ತು ಎಂದರೆ ಹೇಳಲು ನಾಚಿಕೆ. ಚಿಂಚವಾಡದ ನಮ್ಮ ಫ್ಲ್ಯಾಟಿನಲ್ಲಿ ಬಿಲ್ಡರ್ ಕೊಟ್ಟದ್ದು ಎಂಟು ಅಡಿಗೆ ಏಳಡಿಯ ಒಂದು ಗೂಡು. ಕಿಟಕಿಯ ಕೆಳಗೆ ಕರಿಕಲ್ಲಿನ ಕಟ್ಟೆ. ಇಲ್ಲಿಯವರು ಅದಕ್ಕೆ ಓಟಾ ಎನ್ನುತ್ತಾರೆ. ಒಬ್ಬರು ನಿಂತರೆ ಇನ್ನೊಬ್ಬರು ಅಡ್ಡ ತಿರುಗಿ ಹಾಯಬೇಕು. ಹಾಲ್‌ಗೂ ಅದಕ್ಕೂ ನಡುವೆ ಒಂದು ಗೋಡೆ. ನಮ್ಮಲ್ಲಿ ರವಿವಾರ ಮಂದಿ ಬರುವುದು ಜಾಸ್ತಿ. ನಾನು ಹಾಲ್‌ನಲ್ಲಿ ಗೆಳೆಯರ ನಡುವೆ ಕೂತು ಮಾತಾಡುತ್ತಿದ್ದರೆ ನನ್ನ ಹೆಂಡತಿ ಗೋಡೆಯ ಆಚೆ, ಬೆನ್ನು ನಮ್ಮ ಕಡೆ, ಮುಖ ಕಿಟಕಿಯ ಕಡೆ. ಹಾಲ್‌ನಲ್ಲಿ ಜೋರು ನಗು ಎದ್ದಾಗ ಸೌಟು ಹಿಡಿದೇ ಬಾಗಿಲಿಗೆ ಬಂದು ಕೇಳುತ್ತಿದ್ದಳು, "ಏನಾತ್ರಿ, ಯಾಕ ನಕ್ರಿ?" ಅಷ್ಟೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಯಾರಾದರೂ ಮತ್ತೆ ಹೇಳಿದರೂ ಎರಡನೇ ಸಲ ಅದರಲ್ಲಿ ನಗುವಂಥದ್ದೇನೂ ಉಳಿದಿರುತ್ತಿರಲಿಲ್ಲ.

ಹೋದ ವರ್ಷ ಗಣಪತಿ ಹಬ್ಬದ ಮರುದಿನ, ಬಂದವರೆಲ್ಲ ಹೋದ ಮೇಲೆ, ಅವಳು ಲೋಟ ಒಟ್ಟು ಮಾಡುತ್ತಾ ಹೇಳಿದಳು: "ಇಪ್ಪತ್ತಾರು ವರ್ಷ ಆತ್ರಿ ಮದಿವ್ಯಾಗಿ. ನಿಮ್ಮ ದೋಸ್ತರ ಒಂದು ಚೇಷ್ಟಿ ಮಾತರೆ ಪೂರಾ ಕೇಳೀನೇನು ನಾ?"

ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ಹಾಕಿದವಳ ಹಾಗೆ ಹೇಳಿದಳು. ಆಮೇಲೆ ಇನ್ನೊಂದು ಮಾತನ್ನೂ ಸೇರಿಸಿದಳು.

"ಮತ್ತ ಸಂಕ್ರಾಂತಿ ಬರ್ತದ. ಈ ಸಲಾನೂ ನಾ ಮಂದಿ ಮನ್ಯಾಗ ಹೋಗಿ ರೊಟ್ಟಿ ಬಡದು ಬರೂದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಸಂಕ್ರಾಂತಿಯ ಮುಂದೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ರಾಶಿಗಟ್ಟಲೆ ಮಾಡಿ, ಗರಿಗರಿ ಒಣಗಿಸಿ, ಎಲ್ಲರ ಮನೆಗೆ ಹಂಚುತ್ತಾರೆ. ಒಬ್ಬರೇ ಮಾಡುವ ಕೆಲಸ ಅಲ್ಲ. ನಮ್ಮ ಆಸುಪಾಸಿನ ಕನ್ನಡದ ಹೆಣ್ಣುಮಕ್ಕಳು ಒಂಬತ್ತು ಮಂದಿ ಹಲವು ವರ್ಷಗಳಿಂದ ಸೇರಿ ಮಾಡುತ್ತಾರೆ, ವರ್ಷಕ್ಕೊಬ್ಬರ ಮನೆಯಲ್ಲಿ. ಹಾಡು, ಹರಟೆ, ಅತ್ತೆಯರ ಸುದ್ದಿ, ಮಧ್ಯಾಹ್ನದ ಊಟ ಎಲ್ಲಾ ಅಲ್ಲೇ. ಎಂಟು ಮನೆಗಳಲ್ಲಿ ಆಗಿತ್ತು. ಕೆಲವರಲ್ಲಿ ಎರಡು ಸಲ. ನಮ್ಮಲ್ಲಿ ಒಂದು ಸಲವೂ ಇಲ್ಲ, ಯಾಕೆಂದರೆ ನಮ್ಮ ಗೂಡಿನಲ್ಲಿ ಒಂಬತ್ತು ಮಂದಿ ಅಲ್ಲ, ಅವರು ರೊಟ್ಟಿ ಬಡಿಯುವ ಒಂಬತ್ತು ಅಗಲ ಪರಾತಗಳೂ ಹಿಡಿಯುತ್ತಿರಲಿಲ್ಲ. ಯಾರೂ ಆಡಿ ತೋರಿಸಿರಲಿಲ್ಲ. ಆದರೆ ಪ್ರತಿ ವರ್ಷ "ಈ ಸಲ ಯಾರ ಮನಿ?" ಎಂಬ ಮಾತು ಬಂದಾಗ ಇವಳೊಬ್ಬಳೇ ಸೆರಗಿನ ತುದಿ ನೋಡುತ್ತಿದ್ದಳಂತೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹೇಳಿದಳು.

"ಈ ಸಲ ನಮ್ಮನಿ ಅಂತ ಹೇಳಿ ಬಿಡು," ಎಂದೆ ನಾನು. "ಗೋಡಿ ಒಡಿತೀನಿ."

ಅವಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. "ಹೇಳಿದ ಮ್ಯಾಲ ತಿರುಗಿ ಇಲ್ಲ ಅನ್ನಾಕ ಬರೂದಿಲ್ಲ ನೋಡ್ರಿ."

"ಹೇಳು," ಎಂದೆ.

ಅಂದಿನಿಂದ ನನಗೆ ಹುಚ್ಚೇ ಹಿಡಿಯಿತು ಎನ್ನಬೇಕು. ಊಟ ಮಾಡುವಾಗಲೂ ಕೈ ತಟ್ಟೆಯ ಮೇಲೆ ಗೆರೆ ಎಳೆಯುತ್ತಿತ್ತು. ಸೊಸಾಯ್ಟಿಯ ಒಪ್ಪಿಗೆ ತೆಗೆದುಕೊಂಡೆ. ಎಂಜಿನಿಯರನ್ನು ಕರೆಸಿ, ಆ ಗೋಡೆ ಮೇಲಿನ ಭಾರ ಹೊತ್ತದ್ದಲ್ಲ, ಬರೇ ಅಡ್ಡಗೋಡೆ ಎಂದು ಬರೆಸಿಕೊಂಡೆ. ಒಳಾಂಗಣ ಮಾಡುವವರನ್ನು ಕರೆಸಿ ಎಂದು ಯಾರೋ ಹೇಳಿದಾಗ ನಕ್ಕೆ. ಪುಣೆಯ ಹೋಟೆಲುಗಳಿಗೆಲ್ಲ ಅಡುಗೆಮನೆ ಮಾಡಿದವನು ತನ್ನ ಮನೆಯದನ್ನು ಬೇರೆಯವರ ಕೈಯಲ್ಲಿ ಮಾಡಿಸುವುದೇ?

ನಮ್ಮ ಶೆಡ್ಡಿನಲ್ಲಿ ಕೆಲಸ ಸಾಗುವುದು ನೆಲದ ಮೇಲೆ. ಕಾಗದದಲ್ಲಿ ಬರೆದದ್ದರ ಮೇಲೆ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಸಿಮೆಂಟಿನ ನೆಲ ಗುಡಿಸಿ, ಸೀಮೆಸುಣ್ಣದಿಂದ ಇದ್ದ ಅಳತೆಗೇ ಗೆರೆ ಎಳೆಯುತ್ತೇವೆ. ಇಲ್ಲಿ ಒಲೆ, ಇಲ್ಲಿ ತೊಟ್ಟಿ, ಇಲ್ಲಿ ಬಾಗಿಲು. ಆಮೇಲೆ ಅದರೊಳಗೆ ನಡೆದು ನೋಡುತ್ತೇವೆ. ಕಾಗದದಲ್ಲಿ ಕಾಣದ ಇಕ್ಕಟ್ಟು ಕಾಲಿಗೆ ಗೊತ್ತಾಗುತ್ತದೆ. ಹಾಗೆಯೇ ನನ್ನ ಮನೆಯನ್ನೂ ಶೆಡ್ಡಿನ ನೆಲದ ಮೇಲೆ ಬರೆದೆ. ಗೋಡೆ ಇದ್ದ ಜಾಗವನ್ನು ಅಳಿಸಿ, ಅಡುಗೆಮನೆ ಮತ್ತು ಹಾಲ್ ಒಂದೇ ಮಾಡಿ, ನಟ್ಟನಡುವೆ ಏಳಡಿ ಉದ್ದದ ಕಟ್ಟೆ ಬರೆದೆ. ಒಲೆ ಆ ಕಟ್ಟೆಯ ಮೇಲೆ. ಅಡುಗೆ ಮಾಡುವವರ ಮುಖ ಹಾಲ್‌ನ ಕಡೆ. ಆಚೆ ಬದಿಗೆ ನಾಲ್ಕು ಎತ್ತರದ ಸ್ಟೂಲು; ಬಂದವರು ಅಲ್ಲೇ ಕೂತು, ಒಲೆಯ ಎದುರಿಗೇ ಚಹಾ ಕುಡಿಯುತ್ತಾ ಮಾತಾಡಬೇಕು. ಒಬ್ಬ ವೆಲ್ಡರನ್ನು ಅತಿಥಿ ಎಂದು ಕೂರಿಸಿದೆ, ಇನ್ನೊಬ್ಬನನ್ನು ಫ್ರಿಜ್ ಎಂದು ನಿಲ್ಲಿಸಿದೆ. ಫ್ರಿಜ್ ಆದವನು ಬೀಡಿ ಸೇದಲು ಹೋಗಿಬಿಡುತ್ತಿದ್ದ, ಮತ್ತೆ ಕರೆಯಬೇಕಾಗುತ್ತಿತ್ತು.

ಆ ಸಮಯಕ್ಕೆ ಕ್ಯಾಂಪಿನ ಹೋಟೆಲ್ ಧಣಿಯೊಬ್ಬರು ಬಂದರು. ಕರಾವಳಿಯವರು, ನನ್ನ ಇಪ್ಪತ್ತು ವರ್ಷದ ಗಿರಾಕಿ, ಅದಕ್ಕಿಂತ ಹೆಚ್ಚಾಗಿ ಸ್ನೇಹಿತರು. ನೆಲ ನೋಡಿ, ಚಪ್ಪಲಿ ಬಿಟ್ಟು, ಸುಣ್ಣದ ಬಾಗಿಲಿನಿಂದಲೇ ಒಳಗೆ ಬಂದರು.

"ಎಂತ ಮಾರಾಯ್ರೆ, ಯಾರ ಹೋಟ್ಲು ಇದು?"

"ನಮ್ಮನಿ."

"ಮನೆಗೆ ಇಷ್ಟು ದೊಡ್ಡ ಕಟ್ಟೆಯಾ? ನಮ್ಮಲ್ಲಿ ಮಧ್ಯಾಹ್ನ ಇನ್ನೂರು ಊಟ ಹೋಗುದು, ನಮ್ಮದೇ ಆರಡಿ ಉಂಟು." ಒಂದು ಸುತ್ತು ಹಾಕಿ ಮತ್ತೆ ಕೇಳಿದರು, "ಮನೆಯವ್ರು ನೋಡಿದ್ರಾ?"

"ಇಲ್ಲ. ಪೂರ್ತಿ ಆದ ಮ್ಯಾಲ ತೋರಿಸ್ತೀನಿ. ಬೆರಗಾಗಬೇಕು."

ಅವರು ಹುಬ್ಬೆತ್ತಿದರು. ಚಪ್ಪಲಿ ಹಾಕಿಕೊಂಡು ಹೋದರು.

ಡಿಸೆಂಬರಿನಲ್ಲಿ ಹೆಂಡತಿಯನ್ನು ಮೂರು ವಾರ ಅವಳ ತವರಿಗೆ ಕಳಿಸಿದೆ. ಬಸ್ಸು ಹೊರಟ ಮರುದಿನವೇ ಮೇಸ್ತ್ರಿ ಬಂದ. ಸುತ್ತಿಗೆ ಎತ್ತಿ, ಹೊಡೆಯುವ ಮೊದಲು ಒಂದು ಸಲ ನನ್ನ ಕಡೆ ತಿರುಗಿ, "ನಕ್ಕೀ ನಾ, ಸಾಹೇಬ?" ಎಂದ. ಖಂಡಿತ ತಾನೇ ಎಂದು ಕೇಳಿದ್ದು. ಮೊದಲ ಏಟು ನಾನೇ ಹಾಕಿದೆ. ಇಟ್ಟಿಗೆ ಬಿದ್ದ ತೂತಿನಿಂದ ಕಿಟಕಿಯ ಬೆಳಕು ಸೀದಾ ಹಾಲ್‌ನ ಸೋಫಾದ ಮೇಲೆ ಬಂದು ಬಿತ್ತು. ಇಷ್ಟು ವರ್ಷ ಆ ಬೆಳಕು ಅವಳೊಬ್ಬಳ ಪಾಲಿನದಾಗಿತ್ತು ಎಂಬುದು ಆಗ ಹೊಳೆಯಿತು.

ಕಟ್ಟೆಯನ್ನು ನನ್ನ ಕೈಯಾರೆ ಮಾಡಿದೆ. ಹೋಟೆಲಿಗೆ ಹಾಕುವುದಕ್ಕಿಂತ ದಪ್ಪ ಸ್ಟೀಲು, ಬೆಸುಗೆಯ ಗುರುತು ಎಲ್ಲಿಯೂ ಕಾಣದಂತೆ ತಿಕ್ಕಿಸಿದೆ. ಮೂಲೆಗಳನ್ನು ದುಂಡಗೆ ಮಾಡಿದೆ. ನೀರು ಚೆಲ್ಲಿದರೆ ತೊಟ್ಟಿಯ ಕಡೆಗೇ ಹರಿಯುವಂತೆ ಕೂದಲಷ್ಟು ಇಳಿಜಾರು ಕೊಟ್ಟೆ. ನೋಡಿದರೆ ಗೊತ್ತಾಗದು, ನಿಂಬೆಹಣ್ಣು ಇಟ್ಟರೆ ಗೊತ್ತಾಗುತ್ತದೆ. ಸ್ಟೂಲುಗಳನ್ನು ಕ್ಯಾಂಪಿನ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದೆ, ಒಳ್ಳೆ ಸಾಗವಾನಿ. ಅವಳು ಬರುವ ಹಿಂದಿನ ದಿನ ಎಲ್ಲಾ ಜೋಡಿಸಿ ಮುಗಿಯಿತು. ಒಬ್ಬನೇ ಆ ಕಟ್ಟೆಯ ಹಿಂದೆ ನಿಂತು, ಎರಡೂ ಅಂಗೈ ಅದರ ಮೇಲಿಟ್ಟು ಹಾಲ್ ಕಡೆ ನೋಡಿದೆ. ನನ್ನ ಜೀವಮಾನದ ಒಳ್ಳೆಯ ಕೆಲಸ ಇದೇ ಅನ್ನಿಸಿತು.

ಅವಳು ಬಾಗಿಲಲ್ಲೇ ನಿಂತಳು. ಚೀಲ ಕೈಯಲ್ಲೇ ಇತ್ತು.

"ಇದು ನಮ್ಮನೀನ?"

ಒಳಗೆ ಬಂದು ಕಟ್ಟೆಯ ಸುತ್ತ ಎರಡು ಸಲ ಸುತ್ತಿದಳು. ಸ್ಟೀಲಿನ ಮೇಲೆ ಕೈಯಾಡಿಸಿದಳು. ಗುಡಿಯಲ್ಲಿ ಸುತ್ತುವ ಹಾಗಿತ್ತು ಅದು. ಆಮೇಲೆ ಕೈಕಾಲು ತೊಳೆದು ಚಹಾಕ್ಕೆ ಇಟ್ಟಳು. ನಾನು ಸ್ಟೂಲಿನ ಮೇಲೆ ಕೂತು ಫ್ರಿಜ್ ಆದವನ ಬೀಡಿಯ ಕಥೆ ಹೇಳಿದೆ. ಅವಳು ಮೊದಲಿನಿಂದ ಕೊನೆಯವರೆಗೆ ಕೇಳಿ, ನಗಬೇಕಾದಲ್ಲೇ ನಕ್ಕಳು. ನನಗೆ ಇನ್ನೇನು ಬೇಕು? ಸಂಕ್ರಾಂತಿಯ ರೊಟ್ಟಿಗೆ ಇನ್ನೂ ಆರು ದಿನ ಇತ್ತು. ಉಳಿದ ಎಂಟೂ ಮಂದಿಗೆ "ಈ ಸಲ ನಮ್ಮನಿ" ಎಂದು ಅವಳು ಎಂದೋ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ಒಂದು ಸದ್ದಿಗೆ ಎಚ್ಚರವಾಯಿತು. ರೊಟ್ಟಿ ಬಡಿಯುವ ಸದ್ದು ನನಗೆ ಹುಟ್ಟಿದಾಗಿನಿಂದ ಗೊತ್ತು. ಅಂಗೈ ಹಿಟ್ಟಿನ ಮೇಲೆ ಬಿದ್ದರೆ ತಪ್ ತಪ್ ಎನ್ನುತ್ತದೆ, ಒಂದೇ ತಾಳದಲ್ಲಿ, ಮಲಗಿದವನಿಗೆ ಇನ್ನಷ್ಟು ನಿದ್ದೆ ಬರುವ ಹಾಗೆ. ಇದು ಹಾಗಿರಲಿಲ್ಲ. ಡಣ್, ಡಣ್. ನಡುವೆ ತಡೆದು ಮತ್ತೆ ಡಣ್. ಎದ್ದು ಹೋಗಿ ನೋಡಿದರೆ ನನ್ನ ಹೆಂಡತಿ ಕಟ್ಟೆಯ ಹಿಂದೆ ನಿಂತಿದ್ದಳು, ಎಂದಿಗಿಂತ ಎತ್ತರವಾಗಿ. ಕೆಳಗೆ ನೋಡಿದೆ. ಕಾಲಡಿಗೆ ಊಟದ ಎರಡು ಮಣೆ, ಒಂದರ ಮೇಲೊಂದು. ಆದರೂ ಹೆಗಲು ಕಿವಿಯ ತನಕ ಏರಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಈ ಹೆಂಗಸಿನ ಕೈಯ ರೊಟ್ಟಿ ಹರಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನನ್ನನ್ನು ನೋಡಿ ಮಣೆಯಿಂದ ಇಳಿದಳು.

"ಎತ್ತರ ಆತೇನು?" ಎಂದೆ.

"ಇಲ್ರಿ, ಛಲೋ ಅದ. ಹೊಸಾದಲ್ಲ, ರೂಢಿ ಆಗ್ತದ."

"ರೊಟ್ಟಿ?"

"ಅದನ್ನ ಈ ಸಲ ಅಕ್ಕನ ಮನ್ಯಾಗ ಇಟ್ಕೊಂಡ್ರಾತು. ಅಕಿಗೆ ಫೋನ್ ಮಾಡ್ತೀನಿ. ನಿಮ್ಮ ಮಂದಿಗೆ ಇದು ಭಾಳ ಛಂದ ಆಗ್ತದ."

ಅಕ್ಕ ಎಂದರೆ ಆ ಒಂಬತ್ತು ಮಂದಿಯಲ್ಲಿ ಹಿರಿಯಳು, ಬಾಗಲಕೋಟೆಯವಳು, ರೊಟ್ಟಿಯ ಮಟ್ಟಿಗೆ ಅವಳ ಮಾತೇ ಕಡೆಯ ಮಾತು. ನನಗೆ ಹೊಡೆದಂತಾದದ್ದು ರೊಟ್ಟಿ ಹರಿದದ್ದಲ್ಲ. "ನಿಮ್ಮ ಮಂದಿಗೆ" ಎಂದಳಲ್ಲ, ಅದು. ಗೋಡೆ ಒಡೆದೂ ಅವಳು ಆಚೆಯೇ ಉಳಿದಿದ್ದಳು.

"ಇನ್ನೂ ಫೋನ್ ಮಾಡಬ್ಯಾಡ. ಎರಡು ದಿನ ತಡಿ," ಎಂದು ಹೇಳಿ, ಚಹಾ ಕುಡಿಯದೆ ಶೆಡ್ಡಿಗೆ ಹೋದೆ.

ಅಲ್ಲಿ ಹೋಟೆಲ್ ಧಣಿ ತಮ್ಮ ತವಾದ ಸ್ಟ್ಯಾಂಡ್ ಒಯ್ಯಲು ಬಂದು ಕೂತಿದ್ದರು. ಮುಖ ನೋಡಿಯೇ ಕೇಳಿದರು. ಹೇಳಿದೆ. "ಎತ್ತರ ಎಷ್ಟು ಇಟ್ಟದ್ದು?" ಎಂದರು.

"ಮೂವತ್ತೈದು."

"ಅದು ನಮ್ಮ ಭಟ್ರ ಅಳತೆ ಅಲ್ವಾ?" ಅವರ ಹೊಟ್ಟೆ ಕುಲುಕತೊಡಗಿತು. "ನಮ್ಮ ಭಟ್ರು ಐದೂವರೆ ಅಡಿ ಇದ್ದಾರೆ ಮಾರಾಯ್ರೆ. ನಿಮ್ಮ ಮನೆಯವ್ರ ಅಳತೆ ತೆಗ್ದು ನೋಡಿದ್ದೀರಾ ಯಾವತ್ತಾದ್ರೂ?"

ಇಲ್ಲ. ಅವಳದು ಮಾತ್ರವಲ್ಲ. ಮೂವತ್ತು ವರ್ಷದಲ್ಲಿ ಇಷ್ಟೊಂದು ಅಡುಗೆಮನೆ ಮಾಡಿದವನು ಒಬ್ಬ ಹೆಂಗಸಿನ ಮೊಳಕೈಗೂ ಟೇಪು ಹಿಡಿದಿರಲಿಲ್ಲ. ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವವರೆಲ್ಲ ಗಂಡಸರು. ಯಾರು ನಿಲ್ಲುತ್ತಾರೆ ನೋಡು ಎಂದು ಮಾವ ಮೊದಲ ದಿನ ಹೇಳಿದ್ದ. ನಾನು ಆರು ಇಂಚನ್ನು ಇಟ್ಟುಕೊಂಡು ಆ ಮಾತನ್ನು ಬಿಟ್ಟಿದ್ದೆ. ನಾಚಿಕೆಯಾಯಿತು, ನಿಜ. ಆದರೆ ಅದರ ಬೆನ್ನಿಗೇ ಎಂಥದೋ ಹುರುಪು ಬಂತು. ಯಾಕೆಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಅದು ಬರೇ ಕೆಲಸ, ಮತ್ತು ಕೆಲಸಕ್ಕೆ ನಾನು ಎಂದೂ ಹೆದರಿದವನಲ್ಲ.

ಮಧ್ಯಾಹ್ನವೇ ಮನೆಗೆ ಹೋಗಿ, "ನಿಲ್ಲು ನೆಟ್ಟಗ," ಎಂದೆ. ಅವಳು ಏನೋ ಎಂದು ಹೆದರಿ ನಿಂತಳು. ಟೇಪು ಹಿಡಿದೆ. ನೆಲದಿಂದ ಮೊಳಕೈಗೆ ಮೂವತ್ತಾರೂವರೆ.

"ಬಾ ಶೆಡ್ಡಿಗೆ," ಎಂದೆ.

ಭೋಸರಿಯ ಶೆಡ್ಡಿಗೆ ಅವಳು ಬಂದದ್ದು ಅದೇ ಮೊದಲು. ಕೆಲಸಗಾರರು ಗ್ರೈಂಡರ್ ನಿಲ್ಲಿಸಿ ಎದ್ದು ನಿಂತರು. "ನಮಸ್ಕಾರ ವಹಿನಿ" ಎಂದು ಮರಾಠಿಯಲ್ಲಿ ಅತ್ತಿಗೆ ಎಂದು ಕರೆದು ಒಬ್ಬ ಸ್ಟೂಲು ತಂದಿಟ್ಟ. ನೆಲದ ಮೇಲೆ ನನ್ನ ಸುಣ್ಣದ ಗೆರೆಗಳು ಅರ್ಧ ಮಾಸಿ ಇನ್ನೂ ಇದ್ದವು. ಇದು ಒಲೆ, ಇದು ತೊಟ್ಟಿ, ಇಲ್ಲಿ ನೀ ನಿಲ್ಲೂದು ಎಂದು ತೋರಿಸಿದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ನಡುಕಟ್ಟೆಯ ಗೆರೆಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಸಂಕ್ರಾಂತಿ ರೊಟ್ಟಿ ಬಡಿಯೂದು ನಿಂತು ಮಾಡೂ ಕೆಲಸ ಅಂತ ಯಾರು ಹೇಳಿದ್ರು ನಿಮಗ?" ಎಂದಳು.

ನಾನು ಕೈಯಲ್ಲಿದ್ದ ಟೇಪು ಸುತ್ತಿ ಜೇಬಿಗಿಟ್ಟೆ.

"ನೋಡ್ರಿ, ಹಿಟ್ಟು ನಾದೂದು ಒಬ್ರು, ನಿಂತು. ಬಡಿಯೋರು ನಾಲ್ಕು ಮಂದಿ, ನೆಲದ ಮ್ಯಾಲ, ಮುಂದ ಪರಾತ. ಮೈಭಾರ ಕೈಗೆ ಬರಬೇಕಲ್ಲ. ಬೇಯಿಸೋರು ಇಬ್ರು, ಒದ್ದಿ ಅರಿವಿ ಹಿಡಕೊಂಡು. ಇನ್ನ ಅಕ್ಕಗೂ ಮತ್ತೊಬ್ರಿಗೂ ಮೊಣಕಾಲು ಹಿಡದಾವ, ನೆಲಕ್ಕ ಕೂಡಾಕ ಆಗೂದಿಲ್ಲ. ಅವರು ಎಲ್ಲಿ ಕೂಡಬೇಕು?" ಏಳಡಿಯ ಕಟ್ಟೆಯ ಗೆರೆಯ ಮೇಲೆ ಕಾಲಿಟ್ಟಳು. "ಇದು ಕೂಡೂ ಜಾಗಾನ ತಿಂದುಬಿಟ್ಟದ."

ಹಾಗೆ ಹೇಳುತ್ತಾ, ಬರಿಗಾಲಿನಿಂದಲೇ ನನ್ನ ಗೆರೆಯನ್ನು ಎರಡೂವರೆ ಅಡಿ ಒರೆಸಿ ಹಾಕಿದಳು. ಫ್ರಿಜ್ ಆಗಿದ್ದವನು ಬಾಯಿ ಮುಚ್ಚಿಕೊಂಡು ನಕ್ಕ. ನಾನು ಜೇಬಿನಿಂದ ಸುಣ್ಣದ ತುಂಡು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಪಿಯುಸಿ ತನಕ ಓದಿದವಳು. ಗೆರೆ ನನಗಿಂತ ನೆಟ್ಟಗೆ ಬಂತು.

ಆಮೇಲೆ ಫೋನುಗಳು ಶುರುವಾದವು. ಮೊಣಕಾಲು ನೋವಿನ ಇಬ್ಬರು ಗಿಡ್ಡ ಸ್ಟೂಲಿನ ಮೇಲೆ ಕೂತರೆ ಮೊಳಕೈ ಎಷ್ಟಕ್ಕೆ ಬರುತ್ತದೆ ಎಂದು ನನಗೆ ಬೇಕಿತ್ತು. ಹೆಂಡತಿ ಶೆಡ್ಡಿನಿಂದಲೇ ಅಕ್ಕನಿಗೆ ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಅಕ್ಕಾ, ಕುಂತಾಗ ನಿನ್ನ ಮೊಳಕೈ ನೆಲದಿಂದ ಎಷ್ಟು ಇಂಚು ಅದ, ಅಳದು ಹೇಳು."

"ಯಾಕಽ? ನಿನ್ನ ಗಂಡ ತಗಡು ಬಿಟ್ಟು ಜಂಪರ್ ಹೊಲ್ಯಾಕ ಹತ್ಯಾನೇನು?"

"ರೊಟ್ಟಿ ಬಡಿಯಾಕ, ಅಕ್ಕಾ."

"ನಲವತ್ತು ವರ್ಷ ರೊಟ್ಟಿ ಬಡದೀನಿ, ಯಾಂವನೂ ನನ್ನ ಕೈ ಅಳದಿಲ್ಲ. ತಡಿ, ಟೇಪ್ ಹುಡುಕ್ತೀನಿ. ಫೋನ್ ಇಡಬ್ಯಾಡ."

ಇಪ್ಪತ್ತಾರು ಇಂಚು ಬಂತು. ಬಡಿಯಲು ಆರು ಇಂಚು ಸಾಲದು, ಇನ್ನೂ ಎರಡು ಕೆಳಗಿರಲಿ ಎಂದು ಹೆಂಡತಿ ಹೇಳಿದಳು. ನಾನು ಹದಿನೆಂಟು ಎಂದು ಗೋಡೆಯ ಮೇಲೆ ಬರೆದೆ.

ಮುಂದಿನ ನಾಲ್ಕು ದಿನ ನಾನು ಮಾಡಿದ ಕೆಲಸ ನನ್ನ ಹದಿನೆಂಟನೇ ವಯಸ್ಸಿನಲ್ಲೂ ಮಾಡಿರಲಿಕ್ಕಿಲ್ಲ. ಕೂದಲಷ್ಟು ಇಳಿಜಾರು ಕೊಟ್ಟು ತಿಕ್ಕಿ ಹೊಳೆಯಿಸಿದ ಆ ಕಟ್ಟೆಗೆ ನಾನೇ ಗ್ರೈಂಡರ್ ಹಚ್ಚಿದೆ. ಮೊದಲ ಕಿಡಿ ಹಾರಿದಾಗ ಮುಖ ಆಚೆ ತಿರುಗಿಸಿದೆ. ಎರಡನೆಯದಕ್ಕೆ ಏನೂ ಅನ್ನಿಸಲಿಲ್ಲ. ಏಳಡಿ ಹೋಗಿ ನಾಲ್ಕೂವರೆ ಆಯಿತು. ಅದರಲ್ಲಿ ಒಲೆ ಇರುವ ಮೂರಡಿಯನ್ನು ಮೂವತ್ತೂವರೆ ಇಂಚಿಗೆ ಇಳಿಸಿದೆ. ಗ್ಯಾಸ್ ಪೈಪಿನವರನ್ನು ಮತ್ತೆ ಕರೆಸಬೇಕಾಯಿತು. ಅವರು ಬೈದುಕೊಂಡೇ ಜೋಡಿಸಿ ಹೋದರು. ಉಳಿದ ಒಂದೂವರೆ ಅಡಿ ಮೂವತ್ತೈದರಲ್ಲೇ ಇರಲಿ ಎಂದಳು ಅವಳು. "ಅದು ನಿಮ್ಮ ಚಹಾದ ಜಾಗ. ನೀವೂ ಒಂದೊಂದು ದಿನ ನಿಂತು ಮಾಡ್ರಿ." ಕತ್ತರಿಸಿ ಉಳಿದ ಸ್ಟೀಲಿನಿಂದ ಗಾಲಿಯ ಮೇಲೆ ಓಡುವ ಗಿಡ್ಡ ಟೇಬಲ್ ಮಾಡಿದೆ, ಬೇಕಾದಾಗ ಕಟ್ಟೆಯ ಕೆಳಗಿನಿಂದ ಎಳೆಯುವುದು, ಬೇಡವಾದಾಗ ಒಳಗೆ ತಳ್ಳುವುದು. ಸದ್ದಿನ ಡಣ್ ಎಂಬುದೂ ನನಗೆ ಚುಚ್ಚುತ್ತಿತ್ತು. ಆ ಟೇಬಲ್ಲಿಗೆ ಸ್ಟೀಲಿನ ಬದಲು ಕರಿ ಕಡಪಾ ಕಲ್ಲು ಕೂರಿಸಿದೆ. ಯಾವುದನ್ನು? ಗೋಡೆ ಒಡೆದಾಗ ತೆಗೆದ ಹಳೆ ಓಟಾದ ಕಲ್ಲನ್ನೇ. ಮೇಸ್ತ್ರಿ ಅದನ್ನು ಇನ್ನೂ ಕೆಳಗೆ ಪಾರ್ಕಿಂಗಿನಲ್ಲಿ ಇಟ್ಟಿದ್ದ. ಅವಳ ಕೈ ಬಿದ್ದು ಬಿದ್ದು ಅದರ ನಡುವಿನ ಭಾಗ ನುಣುಪಾಗಿತ್ತು. ಆ ಭಾಗ ಉಳಿಸಿಕೊಂಡು ಎರಡೂ ಕಡೆ ಕೊಯ್ಸಿದೆ.

ಮತ್ತು ನೆಲ. ಅಡುಗೆಮನೆಗೆ ನೆಲವನ್ನೂ ಮಾಡಬೇಕಾಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಟ್ಟೆ ಗಿಡ್ಡವಾದ ಮೇಲೆ ಒಲೆಯಿಂದ ಸೋಫಾದವರೆಗೆ ಹತ್ತಡಿ ಖಾಲಿ ಉಳಿಯಿತು. ಅಲ್ಲಿ ಏನೂ ಇಡಕೂಡದು ಎಂದು ಅವಳು ಹೇಳಿದ್ದಳು. ನಾನು ಇಡಲಿಲ್ಲ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬೊಬ್ಬರೇ ಬಂದರು, ಪರಾತ ಕಂಕುಳಲ್ಲಿ, ಹಿಟ್ಟಿನ ಡಬ್ಬಿ ಕೈಯಲ್ಲಿ. ಅಕ್ಕ ಕೊನೆಗೆ ಬಂದಳು, ಕೋಲೂರಿಕೊಂಡು. ಮನೆಯ ನಡುವೆ ನಿಂತು ಸುತ್ತ ನೋಡಿದಳು.

"ಯವ್ವಾ, ಗೋಡಿ ಎಲ್ಲಿ ಹೋತು?"

"ಒಡದ್ರು," ಎಂದಳು ಹೆಂಡತಿ.

"ಏನು ತಮ್ಮಾ, ಎಲ್ಲಿ ನನ್ನ ಮೊಳಕೈ?"

ನಾನು ಕಟ್ಟೆಯ ಕೆಳಗಿನಿಂದ ಗಿಡ್ಡ ಟೇಬಲ್ ಎಳೆದು, ಗಿಡ್ಡ ಸ್ಟೂಲು ಇಟ್ಟೆ. ಅವಳು ಕೂತಳು. ಕಲ್ಲಿನ ಮೇಲೆ ಅಂಗೈ ಸವರಿದಳು. ಹಿಟ್ಟಿನ ಉಂಡೆ ತೆಗೆದುಕೊಂಡು, ಒಣಹಿಟ್ಟು ಉದುರಿಸಿ, ಬಡಿಯಲು ಶುರು ಮಾಡಿದಳು. ಉಳಿದ ಎಂಟೂ ಜನ ಸುತ್ತ ಬಂದು ನಿಂತರು. ನನ್ನ ಹೆಂಡತಿ ಸೆರಗಿನ ತುದಿ ನೋಡಲಿಲ್ಲ, ಅಕ್ಕನ ಕೈಯನ್ನೇ ನೋಡುತ್ತಿದ್ದಳು. ತಪ್ ತಪ್ ತಪ್. ರೊಟ್ಟಿ ತಿರುಗುತ್ತಾ ತಿರುಗುತ್ತಾ ಅಗಲವಾಗಿ, ಅಂಚು ಕಾಗದದಷ್ಟು ತೆಳ್ಳಗಾಗಿ, ಎಲ್ಲೂ ಹರಿಯದೆ ಬಂತು. ಅಕ್ಕ ಅದನ್ನು ಎರಡು ಕೈಯಲ್ಲಿ ಎತ್ತಿ ಒಲೆಯ ಮುಂದಿದ್ದ ನನ್ನ ಹೆಂಡತಿಗೆ ಕೊಟ್ಟಳು. ಅವಳು ಅದನ್ನು ಹಂಚಿನ ಮೇಲೆ ಹಾಸಿದಳು, ಹೆಗಲು ಏರಿಸದೆ, ಮಣೆ ಹತ್ತದೆ.

"ಹೆಗಲು ನೋಯಂಗಿಲ್ಲ," ಎಂದಳು ಅಕ್ಕ, ಎರಡನೆಯ ಉಂಡೆಗೆ ಕೈ ಹಾಕುತ್ತಾ. "ಮುಂದಿನ ವರ್ಷಾನೂ ಇಲ್ಲೇ."

"ಅಕ್ಕಾ, ಮುಂದಿನ ವರ್ಷ ನಮ್ಮ ಪಾಳಿ ಅದ," ಎಂದಳು ನೆಲದ ಮೇಲೆ ಕೂತಿದ್ದ ಒಬ್ಬಾಕೆ.

"ನಿನ್ನ ಮನ್ಯಾಗ ನನ್ನ ಮೊಳಕೈ ಅದ ಏನು? ಸುಮ್ಮನ ಬಡಿ."

ಅಷ್ಟಕ್ಕೆ ಮನೆ ಗದ್ದಲವಾಯಿತು. ನಾಲ್ಕು ಮಂದಿ ನೆಲದ ಮೇಲೆ ಅರ್ಧ ವರ್ತುಲದಲ್ಲಿ, ಇಬ್ಬರು ಗಿಡ್ಡ ಟೇಬಲ್ಲಿನ ಎರಡು ಬದಿಗೆ, ಒಬ್ಬಳು ನಾದುತ್ತಾ, ಒಬ್ಬಳು ಎಳ್ಳು ಹಚ್ಚುತ್ತಾ ಬೇಯಿಸುತ್ತಾ, ನನ್ನ ಹೆಂಡತಿ ಒಲೆಯ ಮುಂದೆ, ಎಲ್ಲರ ಮುಖ ಎಲ್ಲರಿಗೂ ಕಾಣುವ ಹಾಗೆ. ಆ ಚಳಿಗಾಲದ ಬಿಸಿಲು ಕಿಟಕಿಯಿಂದ ಸೀದಾ ಒಳಬಂದು ರೊಟ್ಟಿಯ ರಾಶಿಯ ಮೇಲೆ ಬಿದ್ದಿತ್ತು. ನಾನು ಸ್ವಲ್ಪ ಹೊತ್ತು ಸೋಫಾದಲ್ಲಿ ಕೂತಿದ್ದೆ. ಯಾರೂ ನನ್ನನ್ನು ಏಳು ಎನ್ನಲಿಲ್ಲ, ಕೂತಿರು ಎಂದೂ ಅನ್ನಲಿಲ್ಲ. ಶೆಡ್ಡಿನಿಂದ ಫೋನ್ ಬಂತು, ಒಳಕೋಣೆಗೆ ಹೋದೆ. ಮಾತಾಡುತ್ತಿರುವಾಗ ಹೊರಗೆ ದೊಡ್ಡ ನಗು. ಒಂಬತ್ತು ಮಂದಿಯ ನಗು ಒಟ್ಟಿಗೇ ಎದ್ದರೆ ಫೋನಿನಲ್ಲಿ ಏನೂ ಕೇಳುವುದಿಲ್ಲ. ಫೋನ್ ಇಟ್ಟು ಬಾಗಿಲಿಗೆ ಬಂದೆ.

"ಏನಾತು, ಯಾಕ ನಕ್ರಿ?"

ಹೆಂಡತಿ ಒದ್ದೆ ಅರಿವೆಯಿಂದ ರೊಟ್ಟಿ ಒತ್ತುತ್ತಿದ್ದಳು. ಕಣ್ಣಲ್ಲಿ ನಕ್ಕ ನೀರು ಇನ್ನೂ ಇತ್ತು.

"ಆಗಿ ಹೋತು ಬಿಡ್ರಿ," ಎಂದಳು. "ಮತ್ತ ಹೇಳಿದ್ರ ನಗು ಬರಂಗಿಲ್ಲ."

ನನ್ನ ಹತ್ತಿರ ಈಗ ಇರುವುದು ಇಷ್ಟು. ಭೋಸರಿಯಲ್ಲಿ ಒಂದು ಶೆಡ್ಡು, ಎಂಟು ಕೆಲಸಗಾರರು. ಚಿಂಚವಾಡದಲ್ಲಿ ಒಂದು ಮನೆ, ಅದರಲ್ಲಿ ಒಂದು ಗೋಡೆ ಕಡಿಮೆ. ಕಟ್ಟೆಗಳು ಮೂರು: ಮೂವತ್ತೈದು ಇಂಚಿನದೊಂದು, ಮೂವತ್ತೂವರೆಯದೊಂದು, ಹದಿನೆಂಟರದೊಂದು. ಖಾಲಿ ನೆಲ ಹತ್ತಡಿ. ಸಾಗವಾನಿ ಸ್ಟೂಲು ನಾಲ್ಕು. ಸಂಕ್ರಾಂತಿಗೆ ಬರುವವರು, ಮನೆಯಾಕೆಯೂ ಸೇರಿ, ಒಂಬತ್ತು ಮಂದಿ. ಟೇಪು ಒಂದು.